ಟಿಎಸ್‌ಎಚ್ ಏರಿದೆ, ಮಾತ್ರೆ ಎರಡು ಮಾಡಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಊರು ಹಾಸನ. ಆರು ವರ್ಷದಿಂದ ಥೈರಾಯ್ಡ್‌ಗೆ 75ರ ಮಾತ್ರೆ ತಗೊಳ್ಳುತ್ತಿದ್ದೇನೆ. ಹೋದ ವರ್ಷ ಟಿಎಸ್‌ಎಚ್ 3.1 ಇತ್ತು, ಈ ಸಲ 11.8 ಬಂದಿದೆ. ನಮ್ಮ ಡಾಕ್ಟರು ಸಿಗುವುದು ಮುಂದಿನ ವಾರ. ನಾದಿನಿ ಹೇಳಿದಳು ಅಂತ ಹತ್ತು ದಿನದಿಂದ ಎರಡೆರಡು ಮಾತ್ರೆ ನುಂಗುತ್ತಿದ್ದೇನೆ. ಈಗ ನಿದ್ದೆಯಿಲ್ಲ, ಎದೆ ಢವಢವ. ನಾಲ್ಕು ತಿಂಗಳಿಂದ ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆಯೂ ಇದೆ, ಮರೆಯಬಾರದು ಅಂತ ಬೆಳಿಗ್ಗೆ ಎಲ್ಲ ಒಟ್ಟಿಗೆ ನುಂಗಿ ಕಾಫಿ ಕುಡಿಯುತ್ತೇನೆ. ಥೈರಾಯ್ಡ್ ಇಷ್ಟು ಜಾಸ್ತಿ ಆಗಿದ್ದು ಯಾಕೆ?

ಉತ್ತರ: ಮೊದಲು ಆ ಎರಡನೇ ಮಾತ್ರೆ ಬಿಡಿ, ನಾಳೆಯಿಂದಲೇ. ಬರೆದುಕೊಟ್ಟ 75ಕ್ಕೆ ವಾಪಸ್ ಬನ್ನಿ. ಮುಂದಿನ ವಾರದವರೆಗೆ ಕಾಯದೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದು ಹೇಳಿ, ಬೈದರೆ ಬೈಯಲಿ. ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಹಾಗಾಗಿ ಬಿಟ್ಟ ಕೂಡಲೇ ಢವಢವ ನಿಲ್ಲುವುದಿಲ್ಲ. ಎದೆನೋವು, ಏದುಸಿರು, ಕಣ್ಣು ಕತ್ತಲೆ ಬಂದರೆ ಮಾತ್ರ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಇನ್ನು 'ಥೈರಾಯ್ಡ್ ಜಾಸ್ತಿ' ಅನ್ನೋ ಮಾತು. ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಾರೆ. ನಿಜಕ್ಕೂ ಉಲ್ಟಾ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ 'ಕೆಲಸ ಮಾಡು' ಅಂತ ಹೇಳುವ ಹಾರ್ಮೋನ್, ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಒಳಮನೆಯಿಂದ ಕೂಗುವ ಅತ್ತೆ ಇದ್ದ ಹಾಗೆ ಅದು, ಕೆಲಸ ಆಗಿಲ್ಲ ಅಂದಷ್ಟೂ ಕೂಗು ಜೋರು. 11.8 ಅಂದರೆ ನಿಮ್ಮ ಮೈಗೆ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥ.

ಹಾಗಾದರೆ ನಾದಿನಿ ಹೇಳಿದ್ದು ಸರಿ ಅಲ್ವಾ ಅಂತೀರಿ. ಅಲ್ಲ. ಆರು ವರ್ಷ ಸಾಕಾದ 75 ಈಗ ಏಕಾಏಕಿ ಯಾಕೆ ಸಾಲದು? ಉತ್ತರ ನಿಮ್ಮ ಪತ್ರದಲ್ಲೇ ಇರಬಹುದು, ಆ ನಾಲ್ಕು ತಿಂಗಳ ಕ್ಯಾಲ್ಸಿಯಂನಲ್ಲಿ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದು ಕೂರುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆಯೂ ಅಷ್ಟೇ. ನಮ್ಮ ಫಿಲ್ಟರ್ ಕಾಫಿಯೂ ಅದರ ಪಾಲು ಕಿತ್ತುಕೊಳ್ಳುತ್ತದೆ. ಅಂದರೆ ನುಂಗುತ್ತಿದ್ದದ್ದು 75, ಮೈ ಸೇರುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಹೀಗೆ ಮಾಡಿ. ಎದ್ದ ಕೂಡಲೇ ಬರಿ ನೀರಲ್ಲಿ ಥೈರಾಯ್ಡ್ ಮಾತ್ರೆ ನುಂಗಿ. ಕಾಫಿ, ತಿಂಡಿ ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು. (ಕಷ್ಟ, ಗೊತ್ತು. ಸ್ನಾನ, ಪೂಜೆ ಮುಗಿಸಿ ಡಿಕಾಕ್ಷನ್ ಹಾಕಿ.) ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಗಲಿ, ಕಡೇ ಪಕ್ಷ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆ ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿದ್ದರೆ ಅಲ್ಲಿಂದ ತೆಗೆಯಿರಿ, ಶಾಖಕ್ಕೆ, ಹಬೆಗೆ ಈ ಮಾತ್ರೆ ಕೆಡುತ್ತದೆ.

ಮತ್ತೆ ರಕ್ತ ಪರೀಕ್ಷೆ ಯಾವಾಗ ಅಂತ ನಿಮ್ಮ ಡಾಕ್ಟರು ಹೇಳುತ್ತಾರೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ. ಹತ್ತು ದಿನಕ್ಕೇ ಲ್ಯಾಬಿಗೆ ಓಡಬೇಡಿ, ಟಿಎಸ್‌ಎಚ್ ನಿಧಾನವಾಗಿ ಇಳಿಯುವಂಥದ್ದು. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಆಗಲೂ ಇಳಿಯದಿದ್ದರೆ ಡೋಸ್ ಏರಿಸುವ ಮಾತು, ಅದೂ ಸ್ವಲ್ಪ ಸ್ವಲ್ಪವೇ, ಒಂದೇ ಸಲಕ್ಕೆ ಡಬಲ್ ಅಲ್ಲ.

ಪ್ರಶ್ನೆ: ಅಮ್ಮನಿಗೆ 68. 100ರ ಮಾತ್ರೆ ತಗೊಳ್ಳುತ್ತಾರೆ. ಟಿಎಸ್‌ಎಚ್ 0.08 ಬಂದಿದೆ. ಮಾತ್ರೆ ನಿಲ್ಲಿಸಿಬಿಡಲಾ? ಕೂದಲು ಉದುರುವುದಕ್ಕೂ ಏನೋ ಮಾತ್ರೆ ನುಂಗುತ್ತಾರೆ.

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಟಿಎಸ್‌ಎಚ್ ಇಷ್ಟು ಕಡಿಮೆ ಬರುವುದು ಹೆಚ್ಚಾಗಿ ಡೋಸ್ ಜಾಸ್ತಿಯಾದಾಗ. ಅವರ ವಯಸ್ಸಿಗೆ ಅದು ಹೃದಯದ ಬಡಿತದ ತಾಳ ತಪ್ಪಿಸಬಹುದು, ಮೂಳೆಯನ್ನೂ ಸವೆಸುತ್ತದೆ. ಆದರೆ ಕೂದಲಿನ ಮಾತ್ರೆಯ ಡಬ್ಬಿ ತಿರುಗಿಸಿ ಓದಿ. ಬಯೋಟಿನ್ (ಅದೊಂದು ವಿಟಮಿನ್) ಅಂತ ಇದ್ದರೆ, ಕೆಲವು ಲ್ಯಾಬಿನ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಿದ್ದಲ್ಲಿ ಅದನ್ನು ಎರಡು ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಡಲು ಡಾಕ್ಟರು ಹೇಳಬಹುದು. ಡಬ್ಬಿಯನ್ನೇ ಜೊತೆಗೆ ಒಯ್ಯಿರಿ.