ಆಸ್ಪತ್ರೆಯಲ್ಲಿ ಹೊಸದಾಗಿ ವಾರ್ಡ್ ಇನ್‌ಚಾರ್ಜ್ ನರ್ಸ್ ಆಗಿದ್ದೀನಿ. ಸ್ಟ್ರಿಕ್ಟ್ ಆಗಿರಬೇಕಾ, ಸಾಫ್ಟ್ ಆಗಿರಬೇಕಾ?

ಎರಡೂ ಬೇಡ. ನೀವು ಬರೆದದ್ದು ಓದಿದೆ: ಮೂವತ್ತು ಬೆಡ್ಡಿನ ಮೆಡಿಕಲ್ ವಾರ್ಡು, ತಪ್ಪಾದರೆ ಬಾಯಿ ಬಿಡದ ಸ್ಟಾಫು, ಮೇಲಿನವರು ಕಳಿಸಿದ ‘ಲೀಡರ್‌ಶಿಪ್ ಮೈಂಡ್‌ಸೆಟ್’ ಕೋರ್ಸಿನ ಲಿಂಕು. ಇದರಲ್ಲಿ ಯಾವುದೂ ನನಗೆ ಹೊಸದಲ್ಲ, ಆ ಕುರ್ಚಿಯಲ್ಲಿ ಕೂತವಳೇ ನಾನು. ಕೋರ್ಸು ಬೇಕಾದರೆ ಮಾಡಿ, ಸರ್ಟಿಫಿಕೇಟು ಫೈಲಿಗಾಗುತ್ತೆ. ಆದರೆ ನಿಮ್ಮ ಮನೋಭಾವ ಎಂಥದ್ದು ಅಂತ ಸ್ಟಾಫ್ ಅಳೆಯೋದು ಒಂದೇ ಕಡೆ. ಒಬ್ಬಳು ಹೆದರಿಕೊಂಡು ಬಂದು “ಸಿಸ್ಟರ್, ಡೋಸ್ ತಪ್ಪಾಯ್ತು” ಅಂದಾಗ ನಿಮ್ಮ ಬಾಯಿಂದ ಬರೋ ಮೊದಲ ಮಾತಿನಲ್ಲಿ.

ಬಹಳ ಕಡೆ ಆ ಮೊದಲ ಮಾತು “ಯಾರು ಮಾಡಿದ್ದು?” ಎರಡನೇದು “ಎಕ್ಸ್‌ಪ್ಲನೇಷನ್ ಬರೆದುಕೊಡು.” ಈ ಒಂದು ತಪ್ಪನ್ನ ಸ್ವಲ್ಪ ಉದ್ದಕ್ಕೇ ಬಿಡಿಸ್ತೀನಿ, ಬೇಜಾರು ಮಾಡ್ಕೋಬೇಡಿ.

“ಯಾರು” ಅಂತ ಕೇಳಿದರೆ ಹೆಸರು ಸಿಕ್ಕ ಕೂಡಲೇ ವಿಚಾರಣೆ ನಿಂತುಹೋಗುತ್ತೆ. ಮೆಮೊ ಹೋಯ್ತು, ಕೆಲಸ ಮುಗೀತು. ತಪ್ಪಿಗೆ ದಾರಿ ಮಾಡಿಕೊಟ್ಟ ಔಷಧದ ಟ್ರಾಲಿ ಮಾತ್ರ ಹಾಗೇ ಇರುತ್ತೆ, ಮುಂದಿನ ತಿಂಗಳು ಅದರ ಮುಂದೆ ಇನ್ನೊಬ್ಬಳು ನಿಂತಿರ್ತಾಳೆ. ಮೆಮೊ ನೋಡಿದ ಉಳಿದವರು “ಹುಷಾರಾಗಿರಬೇಕು” ಅಂತ ಕಲಿಯಲ್ಲ, “ಹೇಳಬಾರದು” ಅಂತ ಕಲೀತಾರೆ. ಆಮೇಲೆ ತಪ್ಪುಗಳನ್ನ ಬರೆದಿಡೋ ಇನ್ಸಿಡೆಂಟ್ ರಿಜಿಸ್ಟರ್ ಖಾಲಿ. ಖಾಲಿ ರಿಜಿಸ್ಟರ್ ನೋಡಿ ಮ್ಯಾನೇಜ್‌ಮೆಂಟ್ ಬೆನ್ನು ತಟ್ಟುತ್ತೆ. ಆಡಿಟ್‌ಗೆ ಮುಂಚೆ ಹಳೇ ತಾರೀಖು ಹಾಕಿ ನಾಲ್ಕು ಎಂಟ್ರಿ ತುಂಬಿಸೋದೂ ಉಂಟು, ನಿಮಗೇನು ಗೊತ್ತಿಲ್ಲದ್ದಲ್ಲ.

ಬೇರೆ ಥರ ಯೋಚಿಸಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ ನೋಡಿ. 2004ರ ನವೆಂಬರ್‌ನಲ್ಲಿ ಅಲ್ಲಿ ಮೇರಿ ಮೆಕ್‌ಕ್ಲಿಂಟನ್ ಎಂಬ 69 ವರ್ಷದ ಮಹಿಳೆಗೆ ಮೆದುಳಿನ ಅನ್ಯೂರಿಸಂಗೆ (ರಕ್ತನಾಳ ಉಬ್ಬಿಕೊಳ್ಳೋದು) ಪ್ರೊಸೀಜರ್ ನಡೀತಿತ್ತು. ಟೇಬಲ್ ಮೇಲೆ ಬಣ್ಣವಿಲ್ಲದ ಮೂರು ದ್ರವಗಳಿದ್ದವು: ಸಲೈನ್, ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲಿ ಅಂತ ಕೊಡೋ ಕಾಂಟ್ರಾಸ್ಟ್ ಡೈ, ಚರ್ಮಕ್ಕೆ ಹಚ್ಚೋ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್. ಬಟ್ಟಲುಗಳಿಗೆ ಲೇಬಲ್ ಇರಲಿಲ್ಲ. ಮೊದಲು ಅಲ್ಲಿ ಬಳಸುತ್ತಿದ್ದದ್ದು ಕಂದು ಬಣ್ಣದ ಅಯೋಡಿನ್, ಕಣ್ಣಿಗೇ ಗೊತ್ತಾಗೋದು. ಅದು ಬದಲಾದಾಗ ಆ ಗುರುತೂ ಹೋಯಿತು. ಡೈ ಬದಲು ಕ್ಲೋರ್‌ಹೆಕ್ಸಿಡಿನ್ ಆಕೆಯ ರಕ್ತನಾಳಕ್ಕೆ ಹೋಯಿತು, 19 ದಿನಕ್ಕೆ ತೀರಿಕೊಂಡರು. ಆಸ್ಪತ್ರೆಯ ಮುಖ್ಯಸ್ಥ ಡಾ. ಗ್ಯಾರಿ ಕಪ್ಲನ್ ಮುಚ್ಚಿಡಲಿಲ್ಲ. ತಪ್ಪು ನಮ್ಮದು ಅಂತ ಆಸ್ಪತ್ರೆ ಊರಿಗೆಲ್ಲ ಹೇಳಿ ಕ್ಷಮೆ ಕೇಳಿತು. ಆಮೇಲೆ ಅಲ್ಲಿ ಆಕೆಯ ಹೆಸರಿನಲ್ಲೇ ರೋಗಿ ಸುರಕ್ಷತೆಯ ಪ್ರಶಸ್ತಿ ಶುರುವಾಯಿತು. ಸಿರಿಂಜ್ ತುಂಬಿದ ಕೈ ಯಾರದು ಅನ್ನೋದರಲ್ಲೇ ನಿಂತಿದ್ದರೆ ಬಟ್ಟಲುಗಳಿಗೆ ಲೇಬಲ್ ಬರ್ತಿರಲಿಲ್ಲ.

ನಿಮ್ಮ ವಾರ್ಡಿನ ಬಟ್ಟಲು ಯಾವುದು ಗೊತ್ತಾ? ಪೊಟ್ಯಾಷಿಯಂ ಕ್ಲೋರೈಡ್, ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾದವರಿಗೆ ಡ್ರಿಪ್‌ನಲ್ಲಿ ಸೇರಿಸಿ ಕೊಡೋ ಔಷಧ. 10 ಎಂಎಲ್ ಆಂಪುಲ್, 15 ಪರ್ಸೆಂಟ್, ಒಳಗೆ 20 ಮಿಲಿಈಕ್ವಿವಲೆಂಟ್ (ಪೊಟ್ಯಾಷಿಯಂ ಅಳೆಯೋ ಲೆಕ್ಕ). ಪಕ್ಕದ ಟ್ರೇನಲ್ಲೇ 10 ಎಂಎಲ್ ಸಲೈನ್, ನೋಡೋಕೆ ಹೆಚ್ಚುಕಡಿಮೆ ಒಂದೇ. ಕ್ಯಾನುಲಾ (ರಕ್ತನಾಳದಲ್ಲಿ ಕೂರಿಸಿದ ಸಣ್ಣ ಕೊಳವೆ) ಫ್ಲಶ್ ಮಾಡೋಕೆ ಅಂತ ಪೊಟ್ಯಾಷಿಯಂ ನೇರ ಪುಶ್ ಆದರೆ ಹೃದಯ ನಿಲ್ಲುತ್ತೆ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2007ರಲ್ಲೇ ಇದನ್ನ ವಾರ್ಡ್ ಸ್ಟಾಕಿನಿಂದ ತೆಗೀರಿ ಅಂದಿದೆ. ಇನ್ನೊಂದು ಅಪಾಯವನ್ನ ಯಾರೂ ಹೇಳಿಕೊಡಲ್ಲ. ಸ್ಟ್ಯಾಂಡಿನಲ್ಲಿ ನೇತಾಡ್ತಿರೋ ಡ್ರಿಪ್ ಬ್ಯಾಗಿಗೇ ಚುಚ್ಚಿ ಸೇರಿಸಿದರೆ ಪೊಟ್ಯಾಷಿಯಂ ಭಾರವಾದ್ದರಿಂದ ತಳದಲ್ಲಿ, ಟ್ಯೂಬ್ ಸೇರೋ ಪೋರ್ಟ್ ಹತ್ತಿರವೇ ಕೂತುಬಿಡುತ್ತೆ. ಲೆಕ್ಕ ಸರಿಯಾಗೇ ಇರುತ್ತೆ, ಆದರೂ ರೋಗಿಗೆ ಮೊದಲ ನಿಮಿಷಗಳಲ್ಲೇ ಗಟ್ಟಿ ಡೋಸ್. ಕ್ಲ್ಯಾಂಪ್ ಹಾಕಿ, ಬ್ಯಾಗ್ ಕೆಳಗಿಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಅಂಟಿಸಿ, ಆಮೇಲೆ ನೇತುಹಾಕಬೇಕು. 500 ಎಂಎಲ್‌ಗೆ ಒಂದೇ ಆಂಪುಲ್. ಗಂಟೆಗೆ 10 ಮಿಲಿಈಕ್ವಿವಲೆಂಟ್ ದಾಟಬಾರದು, ಅಂದರೆ ಆ ಬ್ಯಾಗು ಎರಡು ಗಂಟೆಗಿಂತ ಬೇಗ ಹೋಗಕೂಡದು. ಅದಕ್ಕಿಂತ ವೇಗ ಬೇಕಾದರೆ ಐಸಿಯು, ಮಾನಿಟರ್.

ಈಗ ನಿಮ್ಮ ತಲೆಯೊಳಗಿನ ಕೆಲಸ. ಶಿಫ್ಟ್ ಬದಲಾಗೋ ಹೊತ್ತು, ಪೇಷಂಟಿನ ಅಟೆಂಡರ್ ಕೂಗಾಡ್ತಿದ್ದಾನೆ, ಡಾಕ್ಟರ್ ಫೋನಲ್ಲಿದ್ದಾರೆ. ಆ ಗದ್ದಲದಲ್ಲಿ ಬಾಯಿಗೆ ಬರೋದು ಅಭ್ಯಾಸದ ಮಾತೇ ಹೊರತು ಯೋಚಿಸಿದ ಮಾತಲ್ಲ. ಅದಕ್ಕೇ ಮೊದಲೇ ಬರೆದಿಟ್ಕೊಳ್ಳಿ. ಐಡಿ ಕಾರ್ಡಿನ ಹಿಂದೆ ಮೂರೇ ಸಾಲು: “ಪೇಷಂಟ್ ಈಗ ಹೇಗಿದ್ದಾರೆ? ಬಂದು ಹೇಳಿದ್ದು ಒಳ್ಳೇದಾಯ್ತು. ಮೊದಲಿಂದ ಏನೇನಾಯ್ತು ಹೇಳು.” ಇದೇ ಕ್ರಮದಲ್ಲಿ. ಎರಡನೇ ಸಾಲು ಹೇಳೋಕೆ ಶುರುವಿನಲ್ಲಿ ನಾಲಿಗೆ ತಡವರಿಸುತ್ತೆ, ಪರವಾಗಿಲ್ಲ, ಹೇಳಿ. “ಯಾಕೆ ಹಾಗೆ ಮಾಡಿದೆ” ಅಂತ ಮಾತ್ರ ಬೇಡ, ಅದಕ್ಕೆ ಉತ್ತರವಾಗಿ ಸಬೂಬು ಬಿಟ್ಟು ಬೇರೇನೂ ಬರಲ್ಲ.

ಹಾಗಾದರೆ ಶಿಕ್ಷೆಯೇ ಬೇಡವಾ? ಬೇಕು. ಅದೇ ಟ್ರೈನಿಂಗ್ ಇರೋ ಇನ್ನೊಬ್ಬಳು ಅದೇ ಶಿಫ್ಟಿನಲ್ಲಿ ಅದೇ ತಪ್ಪು ಮಾಡ್ತಿದ್ದಳಾ ಅಂತ ಕೇಳಿಕೊಳ್ಳಿ. ಹೌದಾದರೆ ಟ್ರಾಲಿ ಸರಿಮಾಡಿ. ಎಲ್ಲರೂ ಹಿಡಿಯೋ ಅಡ್ಡದಾರಿಯಾಗಿದ್ದರೆ, ಉದಾಹರಣೆಗೆ ಇಬ್ಬರು ಚೆಕ್ ಮಾಡಬೇಕಾದ ಕಡೆ ಒಬ್ಬಳೇ ಎರಡು ಸಹಿ ಹಾಕೋದು, ಕೂರಿಸಿ ತಿದ್ದಿ, ಎರಡನೆಯವಳು ಯಾಕೆ ಸಿಗಲ್ಲ ಅಂತಲೂ ನೋಡಿ. ಕೊಡದ ಮಾತ್ರೆಗೆ ಬೇಕಂತಲೇ ‘ಕೊಟ್ಟಿದೆ’ ಅಂತ ಚಾರ್ಟ್ ಬರೆದರೆ ಮೆಮೊ ಕೊಡಿ, ಕೈ ನಡುಗಬಾರದು.

ರಿಜಿಸ್ಟರಿನಿಂದ ಹೆಸರಿನ ಕಾಲಂ ತೆಗೆಸಿ. ಹ್ಯಾಂಡೋವರ್‌ನಲ್ಲಿ ಐದು ನಿಮಿಷ “ನಿನ್ನೆ ಸ್ವಲ್ಪದರಲ್ಲಿ ತಪ್ಪಿದ್ದು ಏನು” ಅಂತ ಕೇಳಿ. ಮೊದಮೊದಲು ಯಾರೂ ಬಾಯಿ ಬಿಡಲ್ಲ. ಯಾರೋ ಒಂದು ಸಣ್ಣ ವಿಷಯ ಹೇಳ್ತಾರೆ, ಅದನ್ನ ಆ ವಾರವೇ ಸರಿಮಾಡಿ ಎಲ್ಲರಿಗೂ ತೋರಿಸಿ. ಎಂಟ್ರಿಗಳು ಏರಿದಾಗ ಮ್ಯಾನೇಜ್‌ಮೆಂಟ್ ಗಾಬರಿಯಾಗುತ್ತೆ. ರಿಜಿಸ್ಟರ್ ಏರಿಕೆಯೇ ಗುರಿ ಅಂತ ಸೂಪರಿಂಟೆಂಡೆಂಟ್‌ಗೆ ಮುಂಚೇನೇ ಬರೆದುಕೊಟ್ಟಿರಿ, ಇಲ್ಲದಿದ್ದರೆ ಮೊದಲ ಮೆಮೊ ನಿಮಗೇ.

ಪೊಟ್ಯಾಷಿಯಂ ಟ್ರಾಲಿಯಿಂದ ಇಳಿಸಿದ ದಿನ ಡ್ಯೂಟಿ ಡಾಕ್ಟರು ರೇಗ್ತಾರೆ, ರಾತ್ರಿ ಎರಡಕ್ಕೆ ಎಲ್ಲಿಂದ ತರಲಿ ಅಂತ. ನ್ಯಾಯವಾದ ಮಾತೇ. ರಾತ್ರಿ ಫಾರ್ಮಸಿ ಮುಚ್ಚೋದಾದರೆ ಐಸಿಯುನಲ್ಲಿ ಕೆಂಪು ಲೇಬಲ್ಲಿನ, ಬೀಗ ಹಾಕಿದ ಬೇರೆ ಪೆಟ್ಟಿಗೆ ಇಡಿಸಿ. ಕೀ ಐಸಿಯು ಶಿಫ್ಟ್ ಇನ್‌ಚಾರ್ಜ್ ಹತ್ತಿರ, ತೆಗೆಯುವಾಗ ಇಬ್ಬರ ಸಹಿ, ಬೆಳಿಗ್ಗೆ ಎಣಿಕೆ. ಇಷ್ಟಕ್ಕೆ ಒಪ್ಪಿಗೆ ಸಿಗೋವರೆಗೂ ಟ್ರಾಲಿಗೆ ಕೈ ಹಾಕಬೇಡಿ.