ಹಗ್ಗ ಜಗ್ಗಾಟದಲ್ಲಿ ಗೆಲ್ಲಲು ಬಿಟ್ಟರೆ ನಾಯಿ ತಲೆ ಮೇಲೆ ಕೂರುತ್ತದಾ?

ಹಗ್ಗ ಎಳೆಯುವಾಗ ನಿಮ್ಮ ಎಂಟು ತಿಂಗಳ ನಾಯಿ ಗುರ್ ಅನ್ನುತ್ತದೆ, ಗೆಲ್ಲಲು ಬಿಟ್ಟರೆ ಆಮೇಲೆ ಮಾತು ಕೇಳಲ್ವೇನೋ ಅಂತ ಕೇಳಿದ್ದೀರಿ. ಧೈರ್ಯವಾಗಿ ಬಿಡಿ. ಗೆದ್ದ ಹಗ್ಗವನ್ನು ಅದು ಮತ್ತೆ ನಿಮ್ಮ ಮೊಣಕಾಲಿಗೇ ತಂದು ಒತ್ತುತ್ತದೆ ಅಲ್ವಾ? ಇನ್ನೊಂದು ಸುತ್ತು ಆಡೋಣ ಅಂತ ಅಷ್ಟೇ.

‘ಯಜಮಾನ ಯಾರು ಅಂತ ತೋರಿಸಬೇಕು’ ಅನ್ನುವ ಮಾತಿನ ಬೇರು ಪ್ರಾಣಿಗಳ ವರ್ತನೆ ಅಧ್ಯಯನ ಮಾಡಿದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ತೋಳಗಳ ಅಧ್ಯಯನದಲ್ಲಿದೆ. ಆದರೆ ಅವು ಕಾಡಿನವಲ್ಲ, ಕೂಡಿಹಾಕಿದ್ದ ತೋಳಗಳು. ಕಾಡಿನ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಬರೆದರು. ಯಜಮಾನಿಕೆ ತೋರಿಸಲು ನಾಯಿಯನ್ನು ನೆಲಕ್ಕೆ ಕೆಡವಿ ಅದುಮುವುದಂತೂ ಬೇಡವೇ ಬೇಡ, ಕಚ್ಚಿಸಿಕೊಳ್ಳುತ್ತೀರಿ.

ಗುರ್ ಬಿಡಿ, ಮೈ ನೋಡಿ. ಮುಂಗಾಲು ಚಾಚಿ, ಹಿಂಭಾಗ ಎತ್ತಿ ಕುಣಿಯುತ್ತಿದ್ದರೆ ಆಟ. ಮೈ ಸೆಟೆದು, ಕಣ್ಣಿನ ಬಿಳಿ ಕಂಡರೆ ಬೈಯದೆ ನಿಲ್ಲಿಸಿ.

‘ಬಿಡು’ ಅಂದರೆ ಹಗ್ಗ ಬಿಡುವುದನ್ನು ಮಾತ್ರ ತಪ್ಪದೆ ಕಲಿಸಿ. ಹಗ್ಗವನ್ನು ತೊಡೆಗೆ ಒತ್ತಿ, ಅಲ್ಲಾಡದೆ ನಿಲ್ಲಿ. ಮಜಾ ಇಲ್ಲದೆ ಅದೇ ಬಾಯಿ ಬಿಡುತ್ತದೆ. ಬಿಟ್ಟ ತಕ್ಷಣ ಮತ್ತೆ ಆಟ ಶುರು. ಹಲ್ಲು ಕೈಗೆ ತಾಗಿದರೆ ಅರ್ಧ ನಿಮಿಷ ಸುಮ್ನೆ ಎದ್ದು ಹೋಗಿ. ನಮ್ಮವನು ಬೇಗ ಕಲಿತ. ಕೂಗಾಡುವುದನ್ನು ಬಿಡಲು ನನಗೇ ಜಾಸ್ತಿ ದಿನ ಬೇಕಾಯಿತು!