ಮೂರೇ ದಿನಕ್ಕೆ ಮೊಂಡಾಗುವ ಚಾಕು: ಸಾಣೆ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಪೀಣ್ಯದ ಟೂಲ್ ರೂಮ್‌ಗಳಲ್ಲಿ ಗ್ರೈಂಡಿಂಗ್ ಮಾಡಿಕೊಂಡೇ ನನ್ನ ಕೆಲಸದ ವರ್ಷಗಳು ಕಳೆದವು. ಈಗ ಮನೆಯಲ್ಲೇ ಚಾಕು, ಈಳಿಗೆಮಣೆ, ಬಡಗಿಗಳ ಉಳಿಗೆ ಸಾಣೆ ಹಿಡಿದುಕೊಡುತ್ತೇನೆ. ಈ ಸಲವೂ ಜಾಸ್ತಿ ಜನ ಕೇಳಿರುವುದು ಒಂದೇ: "ಯಾವ ಕಲ್ಲು ತಗೊಳ್ಳಲಿ?" ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುವ ಎರಡು ಬದಿಯ ಕಾರ್ಬೊರಂಡಂ ಕಲ್ಲು ಸಾಕು. ಇನ್ನೂ ನಯ ಬೇಕಿದ್ದರೆ 1000 ಗ್ರಿಟ್‌ನ (ಕಲ್ಲಿನ ಕಣ ಎಷ್ಟು ನಯ ಎಂಬ ಅಳತೆ) ನೀರು ಕಲ್ಲು, ಅಂದರೆ ನೀರು ಹಾಕಿ ಬಳಸುವ ಕಲ್ಲು ಕೊಳ್ಳಿ. ಕಲ್ಲಿನ ಮಾತು ಇಲ್ಲಿಗೆ ಮುಗಿಯಿತು. ದಯವಿಟ್ಟು ಮತ್ತೆ ಕೇಳಬೇಡಿ. ನೀವು ಕೇಳಬೇಕಾದ ಪ್ರಶ್ನೆ ರಾಜಾಜಿನಗರದಿಂದ ಬಂದಿದೆ.

ಸಾಣೆ ಹಿಡಿಸಿ ತಂದ ದಿನ ಚಾಕು ಪೇಪರನ್ನು ಸರ್ರನೆ ಸೀಳುತ್ತದೆ. ಮೂರನೇ ದಿನ ಟೊಮೆಟೊ ಜಜ್ಜುತ್ತದೆ. ಚಾಕು ಸರಿಯಿಲ್ಲವೇ, ಕಲ್ಲು ಸರಿಯಿಲ್ಲವೇ?

ಎರಡೂ ಸರಿಯಿರಬಹುದು, ಅಮ್ಮ. ಕೆಲಸ ಅರ್ಧಕ್ಕೇ ನಿಂತಿದೆ.

ಕಲ್ಲಿನ ಮೇಲೆ ಉಜ್ಜಿದಂತೆ ಅಂಚಿನ ಉಕ್ಕು ತೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಕಲ್ಲಿನ ಒತ್ತಡ ತಾಳಲಾರದೆ ಆಚೆ ಬದಿಗೆ ಬಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಎಳೆ ಅದು. ಕಾರ್ಖಾನೆಗಳಲ್ಲಿ ಇದಕ್ಕೆ ಬರ್ ಅನ್ನುತ್ತೇವೆ. ಬರ್ ಕೂಡ ಚೂಪಾಗಿಯೇ ಇರುತ್ತದೆ. ಅಂಗಡಿಯವರು ಪೇಪರ್ ಸೀಳಿ ತೋರಿಸುತ್ತಾರಲ್ಲ, ಎಷ್ಟೋ ಸಲ ಸೀಳುವುದು ಈ ಬರ್. ಮನೆಗೆ ತಂದು ಎರಡು ದಿನದ ಈರುಳ್ಳಿ ಹೆಚ್ಚುವಷ್ಟರಲ್ಲಿ ಆ ಎಳೆ ಮಡಚಿಕೊಳ್ಳುತ್ತದೆ, ಇಲ್ಲವೇ ಮುರಿದು ಹೋಗುತ್ತದೆ. ಹಿಂದೆ ಉಳಿಯುವುದು ಮೊಂಡು ಅಂಚು.

ಹಾಗಾದರೆ ಬರ್ ಬರಲೇಬಾರದೇ? ಬರಲೇಬೇಕು. ಅದು ಬಂದರೆ ಮಾತ್ರ ಆ ಬದಿ ಅಂಚಿನವರೆಗೂ ಸವೆದಿದೆ ಎಂದು ಗೊತ್ತಾಗುವುದು. ಚಾಕುವಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪ ಎತ್ತಿ ಹಿಡಿಯಿರಿ. ಅಲಗು 4 ಸೆಂಟಿಮೀಟರ್ ಅಗಲವಿದ್ದರೆ, ಬೆನ್ನು 1 ರಿಂದ 1.25 ಸೆಂಟಿಮೀಟರ್ ಎತ್ತರದಲ್ಲಿರಲಿ. 15 ರಿಂದ 18 ಡಿಗ್ರಿ ಕೋನ ಸಿಗುತ್ತದೆ. ಅಂಚಿಗೆ ಮೊದಲು ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಎರಡು ಸಲ ಉಜ್ಜಿ ನೋಡಿ. ಬಣ್ಣ ಬೆನ್ನಿನ ಕಡೆ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನೂ ಎತ್ತಬೇಕು. ತೀರಾ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಇಳಿಸಬೇಕು.

ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಆಮೇಲೆ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಆಚೆ ಜಾರುವ ಹಾಗೆ ಮೆಲ್ಲಗೆ ಸವರಿ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ, ಕೊಯ್ದುಕೊಳ್ಳುತ್ತೀರಿ. ಉಜ್ಜದ ಬದಿಯಲ್ಲಿ ಏನೋ ತಡೆದ ಹಾಗೆ ಆದರೆ ಅದೇ ಬರ್. ಹಿಡಿಯ ಬುಡದಿಂದ ತುದಿಯವರೆಗೂ ಅದು ಸಿಗಬೇಕು. ಹೆಚ್ಚಿನವರು ನಡುವೆ ಸಿಕ್ಕಿದ ಕೂಡಲೇ ಚಾಕು ತಿರುಗಿಸಿಬಿಡುತ್ತಾರೆ. ತುದಿ ಮೊಂಡಾಗಿಯೇ ಉಳಿಯುತ್ತದೆ.

ಪೂರ್ತಿ ಸಿಕ್ಕ ಮೇಲೆ ಇನ್ನೊಂದು ಬದಿಗೂ ಹಾಗೇ ಮಾಡಿ. ಈಗ ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ಈ ಬದಿ ಐದು, ಆ ಬದಿ ಐದು. ಆಮೇಲೆ ಮೂರು ಮೂರು. ಆಮೇಲೆ ಒಂದೊಂದೇ, ಚಾಕುವಿನ ತೂಕವಷ್ಟೇ ಕಲ್ಲಿನ ಮೇಲೆ ಬೀಳುವ ಹಾಗೆ. ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಬೆನ್ನು ಮುಂದೆ, ಅಂಚು ಹಿಂದೆ ಬರುವಂತೆ ಹತ್ತು ಸಲ ಎಳೆಯಿರಿ. ಹಿಂದಿನ ಕಾಲದ ಕ್ಷೌರದಂಗಡಿಯಲ್ಲಿ ಕತ್ತಿಯನ್ನು ಚರ್ಮಕ್ಕೆ ತೀಡುತ್ತಿದ್ದದ್ದು ನೆನಪಿದೆ ಅಲ್ವಾ? ಅದೇ ಕೆಲಸ. ಆಮೇಲೆ ಟೊಮೆಟೊ ಮೇಲೆ ಚಾಕು ಇಟ್ಟು, ಒತ್ತದೆ ಸುಮ್ನೆ ಎಳೆಯಿರಿ. ಸಿಪ್ಪೆ ಬಿಟ್ಟುಕೊಡಬೇಕು.

ಇನ್ನೊಂದು ಕಾರಣವೂ ಇದೆ, ನನಗೆ ಸಿಟ್ಟು ಬರುವುದು ಅದಕ್ಕೇ. ಮೋಟಾರ್ ಗ್ರೈಂಡರ್‌ಗೆ ಒಣ ಚಾಕು ಕೊಟ್ಟು ಕಿಡಿ ಹಾರಿಸುವುದು. ಅಡುಗೆ ಚಾಕುವಿಗೆ ಹದ ಕೊಡುವುದು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದನ್ನು ಮೀರಿ ಕಾದರೆ ಉಕ್ಕು ಮೆತ್ತಗಾಗುತ್ತದೆ. ನನ್ನ ಅಮ್ಮ ಬಳಸುತ್ತಿದ್ದ ಕಾರ್ಬನ್ ಉಕ್ಕಿನ ಚಾಕುವನ್ನು, ನಾನು ಊರಲ್ಲಿಲ್ಲದಾಗ, ಮನೆಯವರು ಒಂದು ಅಂಗಡಿಗೆ ಕೊಟ್ಟಿದ್ದರು. ವಾಪಸ್ ಬಂದಾಗ ಅಂಚಿನುದ್ದಕ್ಕೂ ನೀಲಿ ಬಣ್ಣ. 300 ಡಿಗ್ರಿ ಹತ್ತಿರ ಹೋಗದೆ ಆ ನೀಲಿ ಬರುವುದಿಲ್ಲ. ಅಷ್ಟು ಭಾಗವನ್ನು ತಣ್ಣನೆಯ ಕಲ್ಲಿನಲ್ಲಿ ಸವೆಸಿ ತೆಗೆಯಬೇಕಾಯಿತು. ಚಾಕುವಿನ ಅಗಲವೇ ಕಮ್ಮಿಯಾಯಿತು. ಇವತ್ತಿಗೂ ಅದನ್ನು ಕೈಗೆತ್ತಿಕೊಂಡರೆ ಹೊಟ್ಟೆ ಉರಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಆ ಬಣ್ಣ ಬೇಗ ಕಾಣುವುದಿಲ್ಲ, ಆದ್ದರಿಂದ ಬಣ್ಣ ಇಲ್ಲ ಎಂದು ನೆಮ್ಮದಿಯಾಗಬೇಡಿ. ಸೈಕಲ್ ತುಳಿದು ಸಾಣೆ ಹಿಡಿಯುವವರು ಬಂದರೆ ಧೈರ್ಯವಾಗಿ ಕೊಡಿ. ಆ ಚಕ್ರ ನಿಧಾನ. ನಡುನಡುವೆ ನೀರಲ್ಲಿ ಅದ್ದಿಕೊಡಿ ಎಂದು ಕೇಳಿ.

ಅಲ್ಯೂಮಿನಿಯಂ ಫಾಯಿಲ್ ಕತ್ತರಿಸಿದರೆ ಕತ್ತರಿ ಹರಿತವಾಗುತ್ತದೆಯೇ?

ಇಲ್ಲ, ಸ್ವಲ್ಪ ಸಲೀಸಾದಂತೆ ಅನ್ನಿಸುತ್ತದೆ ಅಷ್ಟೇ.

ಗ್ರಾನೈಟ್ ಕಟ್ಟೆಯ ಮೇಲೇ ಹೆಚ್ಚುತ್ತೇನೆ, ಪರವಾಗಿಲ್ಲವೇ?

ಗ್ರಾನೈಟ್, ಕಡಪ ಕಲ್ಲು, ಸ್ಟೀಲ್ ತಟ್ಟೆ, ಗಾಜು, ಯಾವುದೂ ಬೇಡ. ಮರದ ಹಲಗೆ ತಗೊಳ್ಳಿ.

"ಜನ್ಮದಲ್ಲಿ ಸಾಣೆ ಬೇಡ" ಎಂಬ ಚಾಕು ಕೊಳ್ಳಬಹುದೇ?

ಅಂಥ ಉಕ್ಕು ಇಲ್ಲ. ಹಾಗೆಂದು ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಮಗ ಅಮೆರಿಕದಲ್ಲಿದ್ದಾನೆ. ಲೈಸೆನ್ಸ್ ತೆಗೆದುಕೊಂಡು, ಹಳೇ ಕಾಲದ ಮರದ ಬಿಲ್ಲಿನಿಂದ ಜಿಂಕೆ ಬೇಟೆ ಕಲಿಯುತ್ತಿದ್ದಾನೆ. ಬಾಣದ ಬ್ರಾಡ್‌ಹೆಡ್ (ಬೇಟೆ ಬಾಣಕ್ಕೆ ಹಾಕುವ ಅಲಗಿನ ಮೊನೆ) ಪ್ಯಾಕೆಟ್ಟಿನಿಂದ ತೆಗೆದಂತೆಯೇ ಬಳಸಬಹುದೇ? (ಜಯನಗರ)

ಬೇಡ. ಬಾಣ ಗುಂಡಿನಂತಲ್ಲ, ರಕ್ತನಾಳ ಕೊಯ್ದೇ ಕೊಲ್ಲುತ್ತದೆ. ಮೊಂಡು ಅಂಚು ನಾಳವನ್ನು ಪಕ್ಕಕ್ಕೆ ತಳ್ಳಿ ಹೋಗಿಬಿಡಬಹುದು. ಆಗ ಆ ಪ್ರಾಣಿ ಗಾಯ ಹೊತ್ತು ಎಲ್ಲೋ ನರಳುತ್ತದೆ. ಇದನ್ನು ಮಗನಿಗೆ ಖಡಾಖಂಡಿತವಾಗಿ ಹೇಳಿ. ಅಂಥ ಬಿಲ್ಲಿನಲ್ಲಿ ಬಲ ಕಡಿಮೆ, ಆದ್ದರಿಂದ ಎರಡೇ ಅಲಗಿನ, ಮಡಚಿ ಬಿಚ್ಚಿಕೊಳ್ಳದ ಗಟ್ಟಿ ಮೊನೆ ಒಳ್ಳೆಯದು. ಅಗಲಕ್ಕಿಂತ ಉದ್ದ ಜಾಸ್ತಿ ಇರಲಿ. ಮೂಳೆ ತಗುಲಿದರೂ ಅಂಚು ನಿಲ್ಲಬೇಕು, ಹಾಗಾಗಿ ಕೋನ ಚಾಕುವಿಗಿಂತ ದಪ್ಪ, 25 ಡಿಗ್ರಿ ಸುತ್ತಮುತ್ತ. ಮೊದಲು ಅರ, ಆಮೇಲೆ ಕಲ್ಲು, ಕೊನೆಗೆ ಚರ್ಮ. ಬರ್ ಮಾತು ಇಲ್ಲೂ ಅದೇ. ಬಾಣ ಬಿಟ್ಟು ಅಭ್ಯಾಸ ಮಾಡಿದ ಮೊನೆಯನ್ನು ಮತ್ತೆ ಸಾಣೆ ಹಿಡಿಯದೆ ಕಾಡಿಗೆ ಒಯ್ಯಬಾರದು.

ಇಲ್ಲಿ ನಮ್ಮ ತೋಟಕ್ಕೆ ಬರುವ ಹಂದಿಗೆ ಅಂಥದ್ದನ್ನು ಮಾಡಿಕೊಡುತ್ತೀರಾ?

ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ರಿಂದ ಇದೆ. ಅರಣ್ಯ ಇಲಾಖೆಗೆ ದೂರು ಕೊಡಿ.

ಈಳಿಗೆಮಣೆಯನ್ನು ಕಲ್ಲಿನ ಮೇಲೆ ಉಜ್ಜುವುದು ಹೇಗೆ?

ಮಣೆಯನ್ನು ಕಾಲಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಸಣ್ಣ ಕಲ್ಲನ್ನೇ ಅಲಗಿನ ಮೇಲೆ ಆಡಿಸಿ. ಕಲ್ಲು ಹಿಡಿದ ಬೆರಳುಗಳು ಅಂಚಿನಿಂದ ಹಿಂದೆಯೇ ಇರಲಿ. ಹುಣಸೆ, ನಿಂಬೆ ತಗುಲಿದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಕಾಯಿ ತುರಿಯುವ ಹಲ್ಲಿಗೆ ಕಲ್ಲು ಹೋಗುವುದಿಲ್ಲ. ಅದಕ್ಕೆ ಸಣ್ಣ ತ್ರಿಕೋನದ ಅರ ಬೇಕು. ಒಂದೊಂದು ಹಲ್ಲಿನ ಸಂದಿಗೆ ಎರಡೆರಡು ಸಲ ಎಳೆದರೆ ಸಾಕು.